ಉತ್ತರ ಇಂಗ್ಲೆಂಡಿನ ಜಲಪಾತಗಳು

ಇಂಗ್ಲೆಂಡ್ ಪ್ರವಾಸವೆಂದೊಡನೆ ಲಂಡನ್ನಿನ ಗಡಿಯಾರ ಗೋಪುರ, ಅರಮನೆಗಳೇ ಕಣ್ಣ ಮುಂದೆ ಬರುತ್ತವೆ. ಆದರೆ ಉತ್ತರದ ಪೆನೈನ್ ಬೆಟ್ಟಸಾಲಿನಲ್ಲಿ ಕಾಣುವ ಇಂಗ್ಲೆಂಡೇ ಬೇರೆ. ಕುರಿ ಮೇಯುವ ಕಣಿವೆಗಳು, ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗಳು, ನಡುನಡುವೆ ಜಲಪಾತಗಳು. ಇವುಗಳಲ್ಲಿ ಹಲವಕ್ಕೆ 'ಫೋರ್ಸ್' ಎಂಬ ಹೆಸರಿದೆ. ಇದು ಬಲ ಎಂಬ ಅರ್ಥದ ಇಂಗ್ಲಿಷ್ ಪದವಲ್ಲ. ವೈಕಿಂಗರು ತಂದ ಹಳೆಯ ನಾರ್ಸ್ ಭಾಷೆಯಲ್ಲಿ ಜಲಪಾತಕ್ಕಿದ್ದ ಹೆಸರೇ ಹೀಗೆ ಉಳಿದುಕೊಂಡಿದೆ.

ಇವುಗಳಲ್ಲಿ ಮೊದಲು ನೋಡಬೇಕಾದದ್ದು ಡರ್ಹ್ಯಾಮ್ ಕೌಂಟಿಯ ಹೈ ಫೋರ್ಸ್. ಟೀಸ್ ನದಿ ಇಲ್ಲಿ ಸುಮಾರು 21 ಮೀಟರ್ ಕೆಳಕ್ಕೆ ಧುಮುಕುತ್ತದೆ. ಎತ್ತರವನ್ನಷ್ಟೇ ಎಣಿಸುವವರಿಗೆ ಇದು ಅಲ್ಪವೆನಿಸೀತು, ವಿಶೇಷವಿರುವುದು ಬಂಡೆಯಲ್ಲಿ. ಸುಮಾರು 29 ಕೋಟಿ ವರ್ಷಗಳ ಹಿಂದೆ ಶಿಲಾಪಾಕವು ಹಳೆಯ ಸುಣ್ಣಕಲ್ಲು, ಮರಳುಗಲ್ಲುಗಳ ಪದರಗಳ ನಡುವೆ ನುಗ್ಗಿ ಹೆಪ್ಪುಗಟ್ಟಿತು. 'ವಿನ್ ಸಿಲ್' ಎಂದು ಕರೆಯಲಾಗುವ ಈ ಕಪ್ಪು ಬಂಡೆ ಬಹಳ ಗಟ್ಟಿ. ಅದರಡಿಯ ಮೆದು ಪದರಗಳನ್ನು ನೀರು ಕೊರೆದಂತೆಲ್ಲ ಮೇಲಿನ ಬಂಡೆ ಆಸರೆಯಿಲ್ಲದೆ ಕಳಚಿ ಬೀಳುತ್ತದೆ. ಹೀಗೆ ಜಲಪಾತ ಹಿಂದೆ ಹಿಂದೆ ಸರಿಯುತ್ತ ತನ್ನ ಮುಂದೆ ಆಳವಾದ ಕಮರಿಯನ್ನು ಬಿಟ್ಟುಬಂದಿದೆ.

ನೆರೆ ಬಂದಾಗ ನದಿ ಎರಡು ಕವಲುಗಳಲ್ಲಿ ಧುಮುಕುತ್ತದೆ. ಆದರೆ ಇಂದಿನ ಟೀಸ್ ಸಂಪೂರ್ಣ ಸ್ವತಂತ್ರಳಲ್ಲ. ಮೇಲ್ಭಾಗದಲ್ಲಿ 1967ರಿಂದ 1971ರವರೆಗೆ ಕೌ ಗ್ರೀನ್ ಜಲಾಶಯವನ್ನು ಕಟ್ಟಲಾಯಿತು. ಟೀಸ್‌ಸೈಡ್‌ನ ಕಾರ್ಖಾನೆಗಳಿಗೆ ನೀರು ಬೇಕಾಗಿತ್ತು. ನೀಲಿ ಜೆನ್ಶಿಯನ್‌ನಂತಹ ಹೂಗಳು, ಹಿಮಯುಗದಿಂದ ಉಳಿದುಬಂದ ಸಸ್ಯಸಮೂಹ ಇಲ್ಲಿವೆಯೆಂದು ಸಸ್ಯವಿಜ್ಞಾನಿಗಳು ತೀವ್ರವಾಗಿ ವಿರೋಧಿಸಿದರು. ವಿವಾದ ಪಾರ್ಲಿಮೆಂಟಿನವರೆಗೂ ಹೋಯಿತು, ಅಣೆಕಟ್ಟೆಯೇ ಗೆದ್ದಿತು. ಸಸ್ಯಗಳಿದ್ದ ನೆಲದ ಒಂದು ಭಾಗ ಮುಳುಗಿತು. ಉಳಿದದ್ದು ಇಂದು ಸಂರಕ್ಷಿತ ಪ್ರದೇಶ. ಅಣೆಕಟ್ಟೆಯ ಬುಡದಲ್ಲಿಯೇ ಕಾಲ್ಡ್ರನ್ ಸ್ನೌಟ್ ಇದೆ. ಇದು ಒಂದೇ ನೆಗೆತವಲ್ಲ, ಕಪ್ಪು ಬಂಡೆಗಳ ಮೇಲೆ 180 ಮೀಟರಿಗೂ ಹೆಚ್ಚು ದೂರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪ್ರವಾಹ.

ಹೈ ಫೋರ್ಸ್‌ನ ಬುಡದವರೆಗೆ ಹೋಗಲು ಉತ್ತರ ದಂಡೆಯ ಖಾಸಗಿ ಜಮೀನಿನಲ್ಲಿ ಶುಲ್ಕ ತೆರಬೇಕು. ದಕ್ಷಿಣ ದಂಡೆಯಲ್ಲಿ ಸಾಗುವ ಪೆನೈನ್ ವೇ ಕಾಲುದಾರಿಯಿಂದ ನೋಡಲು ಹಣ ಬೇಡ, ಕಾಲಿನಲ್ಲಿ ಕಸುವಿದ್ದರೆ ಸಾಕು. ನಮ್ಮ ಆಯ್ಕೆ ಎರಡನೆಯದು.

ಯಾರ್ಕ್‌ಷೈರ್‌ನ ಹಾರ್ಡ್ರಾ ಫೋರ್ಸ್ ಸುಮಾರು 30 ಮೀಟರ್ ಎತ್ತರದಿಂದ ಎಲ್ಲಿಯೂ ತಡೆಯಿಲ್ಲದೆ ಬೀಳುತ್ತದೆ. ಹಳ್ಳಿಯ ಹಳೆಯ ಪಾನಗೃಹವೊಂದರ ಹಿಂಬದಿಯಲ್ಲಿದೆ. ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ಸೊರಗುತ್ತದೆ. ಇಂಗಲ್‌ಬರೋ ಬೆಟ್ಟದ ಗೇಪಿಂಗ್ ಗಿಲ್‌ನಲ್ಲಿ ತೊರೆಯೊಂದು ಸುಮಾರು 98 ಮೀಟರ್ ಆಳದ ಗುಹೆಗೆ ಬೀಳುತ್ತದೆ. ಮೇ ಮತ್ತು ಆಗಸ್ಟ್ ಅಂತ್ಯದ ರಜಾದಿನಗಳ ಆಸುಪಾಸಿನಲ್ಲಿ ಗುಹಾನ್ವೇಷಕರ ಸಂಘಗಳು ಸಾರ್ವಜನಿಕರನ್ನೂ ಯಂತ್ರದ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸುತ್ತವೆ.

ಮಳೆ ಬಂದ ಮರುದಿನವೇ ಹೋಗುವುದು ಲೇಸು. ಆದರೆ ಒದ್ದೆಯಾದ ವಿನ್ ಸಿಲ್ ಬಂಡೆ ಬಹಳ ಜಾರುತ್ತದೆ. ಹಿಡಿತವುಳ್ಳ ಪಾದರಕ್ಷೆ ಅವಶ್ಯ.