ತಟ್ಟಿದರೆ ನುಡಿಯುವ ಕಪ್ಪುಕುಳಿ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಕಣ್ಣಿನಿಂದ ನೋಡಿ ಸುಮ್ಮನಾಗುವುದಿಲ್ಲ, ಬೆರಳು ಮಡಚಿ ತಟ್ಟುತ್ತಾರೆ. ನಾದ ಸರಿಯಿದ್ದರೆ ಮಡಕೆ ಗಟ್ಟಿ. ಬೆಳಕನ್ನೂ ಹೊರಬಿಡದ ಕಪ್ಪುಕುಳಿಯನ್ನು ಹೀಗೆಯೇ ಪರೀಕ್ಷಿಸಬಹುದೆಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಸಿ.ವಿ. ವಿಶ್ವೇಶ್ವರ. ಕದಡಿದ ಕಪ್ಪುಕುಳಿ ಗಂಟೆಯಂತೆ ಮೊಳಗಿ, ಬಹುಬೇಗ ಅಡಗುತ್ತದೆ. ಆ ನಾದದಿಂದ ಅದರ ತೂಕ ತಿಳಿಯಬಹುದು. ಅಂಥ ನಾದ ಭೂಮಿಯಲ್ಲಿ ಕೇಳಿಸಲು ಮತ್ತೆ 45 ವರ್ಷ ಬೇಕಾಯಿತು. ಈ ವಿಜ್ಞಾನದ ನಡೆಯೇ ಹಾಗೆ: ಕಾಗದದ ಮೇಲಿನ ಲೆಕ್ಕ ಮುಂದೆ ಓಡುತ್ತದೆ, ಉಪಕರಣ ದಶಕಗಳಷ್ಟು ಹಿಂದೆ ಏದುಸಿರು ಬಿಡುತ್ತ ಬರುತ್ತದೆ.

ಮೊದಲ ಲೆಕ್ಕ 1916ರದ್ದು. ಮಹಾಯುದ್ಧದಲ್ಲಿ ಜರ್ಮನ್ ಸೇನೆಯಲ್ಲಿದ್ದ ಕಾರ್ಲ್ ಶ್ವಾರ್ಜ್‌ಶೀಲ್ಡ್, ಐನ್‌ಸ್ಟೈನರ ಸಮೀಕರಣಗಳನ್ನು ಬಿಡಿಸಿದ. ಅದರ ಪ್ರಕಾರ ಸೂರ್ಯನನ್ನು 3 ಕಿ.ಮೀ. ತ್ರಿಜ್ಯಕ್ಕೆ ಹಿಂಡಿದರೆ ಬೆಳಕೂ ಹೊರಬರದು. ಆದರೆ ನಕ್ಷತ್ರವನ್ನು ಹಿಂಡುವವರು ಯಾರು? 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟ 19ರ ಹುಡುಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಉತ್ತರದ ಅರ್ಧಭಾಗ ಕಂಡುಕೊಂಡ. ಉರುವಲು ತೀರಿದ ನಕ್ಷತ್ರದ ಒಡಲು ಸೂರ್ಯನ ಸುಮಾರು 1.4 ಪಟ್ಟು ಮೀರಿದರೆ ಶ್ವೇತಕುಬ್ಜವೆಂಬ ಪುಟ್ಟ, ಗಟ್ಟಿ ನಕ್ಷತ್ರವಾಗಿ ನಿಲ್ಲಲಾರದು. 1935ರಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ಇದನ್ನು ಗೇಲಿ ಮಾಡಿದರು. 1939ರಲ್ಲಿ ಓಪನ್‌ಹೈಮರ್ ಮತ್ತು ಸ್ನೈಡರ್, ಕುಸಿತಕ್ಕೆ ತಡೆಯೇ ಇಲ್ಲದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿದರು: ನಕ್ಷತ್ರ ತನ್ನ ಭಾರಕ್ಕೆ ತಾನೇ ಮುಚ್ಚಿಹೋಗುತ್ತದೆ.

ಕಾಣದ್ದನ್ನು ಪತ್ತೆಹಚ್ಚಲು ಅದರ ನೆರೆಹೊರೆಯನ್ನು ವಿಚಾರಿಸಬೇಕು. 1964ರಲ್ಲಿ ರಾಕೆಟ್ಟೊಂದು ಗುರುತಿಸಿದ ಸಿಗ್ನಸ್ ಎಕ್ಸ್-1ರಲ್ಲಿ, ಜೊತೆಯ ನಕ್ಷತ್ರದ ಅನಿಲ ಕಪ್ಪುಕುಳಿಯತ್ತ ಸುಳಿಸುತ್ತುತ್ತ ಕಾದು ಎಕ್ಸ್-ಕಿರಣ ಸೂಸುತ್ತಿತ್ತು. ನಮ್ಮ ಆಕಾಶಗಂಗೆಯ ನಡುವೆ 16 ವರ್ಷಕ್ಕೊಮ್ಮೆ ಸುತ್ತುವ ನಕ್ಷತ್ರವನ್ನು ಖಗೋಳವಿಜ್ಞಾನಿಗಳಾದ ಗೆಂಜೆಲ್ ಮತ್ತು ಗೆಜ್ ಅವರ ತಂಡಗಳು ಹಿಂಬಾಲಿಸಿ, ಅಲ್ಲಿ 40 ಲಕ್ಷ ಸೂರ್ಯರ ಭಾರ ಅಡಗಿದೆ ಎಂದವು. 2019ರಲ್ಲಿ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ನೆರಳೇ ಚಿತ್ರವಾಗಿ ಬಂತು.

ಇಷ್ಟಾದರೂ ಅದೆಲ್ಲ ನೋಟ. ನಾದ ಬಂದದ್ದು 2015ರ ಸೆಪ್ಟೆಂಬರ್ 14ರಂದು. ಸೂರ್ಯನ 36 ಮತ್ತು 29 ಪಟ್ಟು ಭಾರದ ಎರಡು ಕಪ್ಪುಕುಳಿಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾದವು. ಹುಟ್ಟಿದ್ದು 62 ಸೂರ್ಯರ ತೂಕದ ಕುಳಿ. ಉಳಿದ 3 ಸೂರ್ಯರಷ್ಟು ದ್ರವ್ಯ ಗುರುತ್ವ ಅಲೆಗಳಾಗಿ ಹೊರಟಿತು. ಆ ಅಲೆಗಳನ್ನು ಹಿಡಿಯಲು ಅಮೆರಿಕದಲ್ಲಿ ಕಟ್ಟಿದ ಲೈಗೋ ಪತ್ತೆಯಂತ್ರಗಳ 4 ಕಿ.ಮೀ. ಉದ್ದದ ತೋಳುಗಳು ಪ್ರೋಟಾನಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಷ್ಟು ಮಿಸುಕಿದವು. ಲೂಯಿಸಿಯಾನಾದ ಲಿವಿಂಗ್‌ಸ್ಟನ್‌ನಲ್ಲಿ ಕೇಳಿದ ಸದ್ದು 7 ಮಿಲಿಸೆಕೆಂಡಿನ ನಂತರ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲೂ ಕೇಳಿತು. ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಶ್ರುತಿ ಮೇಲೇರಿ, ಕೊನೆಗೆ ಕುಗ್ಗಿ ನಿಂತಿತು. ಆ ಕೊನೆಯ ಮೊಳಗು ವಿಶ್ವೇಶ್ವರ ಹೇಳಿದ್ದೇ. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ್ದ ಅವರು ಈ ಸುದ್ದಿ ಕೇಳಲು ಬದುಕಿದ್ದರು. 2017ರ ಜನವರಿಯಲ್ಲಿ ತೀರಿಕೊಂಡರು.

2025ರ ಜನವರಿ 14ರ ವಿಲೀನದ ಸದ್ದು ಮೊದಲಿನದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟ. ಅದರ ಮೊಳಗಿನಲ್ಲಿ ಎರಡು ಸ್ವರಗಳನ್ನು ಬಿಡಿಸಿ ಕೇಳಲು ಸಾಧ್ಯವಾಯಿತು. ವಿಲೀನದಿಂದ ಕಪ್ಪುಕುಳಿಯ ಮೇಲ್ಮೈ ಎಂದಿಗೂ ಕುಗ್ಗದು ಎಂದು ಹಾಕಿಂಗ್ 1971ರಲ್ಲಿ ಹೇಳಿದ್ದಕ್ಕೂ ಸಾಕ್ಷಿ ದೊರೆಯಿತು. ಒಂದಾದ ಎರಡು ಕುಳಿಗಳ ಮೇಲ್ಮೈ ಸೇರಿ 2.4 ಲಕ್ಷ ಚದರ ಕಿ.ಮೀ. ಇದ್ದದ್ದು ಸುಮಾರು 4 ಲಕ್ಷಕ್ಕೆ, ಅಂದರೆ ಎರಡು ಕರ್ನಾಟಕಗಳಷ್ಟಕ್ಕೆ ಏರಿತ್ತು.

ಹೊಸ ತಲೆನೋವೂ ಇದೆ. 2023ರ ನವೆಂಬರ್ 23ರಂದು ದಾಖಲಾದ ವಿಲೀನದಲ್ಲಿ ಸುಮಾರು 225 ಸೂರ್ಯರ ಭಾರದ ಕುಳಿ ಹುಟ್ಟಿತು. ಅದರಲ್ಲಿ ಕೂಡಿಕೊಂಡವು ಒಂಟಿ ನಕ್ಷತ್ರ ಸತ್ತು ಹುಟ್ಟಿದವೆಂದು ಹೇಳಲಾಗದಷ್ಟು ಭಾರ. ಅವೂ ಹಿಂದಿನ ವಿಲೀನಗಳ ಮಕ್ಕಳೇ ಇರಬೇಕೆಂಬುದು ಒಂದು ವಾದ.

ಸದ್ದು ಯಾವ ದಿಕ್ಕಿನದೆಂದು ತಿಳಿಯಲು ದೂರದೂರದಲ್ಲಿ ಇನ್ನಷ್ಟು ಕಿವಿಗಳು ಬೇಕು. ಅಂಥದೊಂದಕ್ಕೆ ಜಾಗ ಗೊತ್ತಾಗಿರುವುದು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ. 2023ರಲ್ಲಿ ಕೇಂದ್ರ ಸಚಿವ ಸಂಪುಟ ಅದಕ್ಕೆ 2,600 ಕೋಟಿ ರೂಪಾಯಿ ಒಪ್ಪಿತು. ಲೆಕ್ಕ ಹಾಕಿದವರ ನಾಡಿನಲ್ಲಿ ಕಿವಿಯೂ ಇರುವುದು ನ್ಯಾಯ.