ಜೈಲಿನಲ್ಲಿ ಬರೆದ ತಿದ್ದುಪಡಿ

ಉಗ್ರರನ್ನು ಸರಿದಾರಿಗೆ ತರೋದು ಅಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಜನ ನಾಯಿಬಾಲದ ಗಾದೆ ತೆಗೀತಾರೆ. ಈಜಿಪ್ಟಿನ ಈ ಕತೆ ಓದಿದ ಮೇಲೆ ಆ ಗಾದೆ ನನಗೆ ಅಷ್ಟು ಸಲೀಸಾಗಿ ಬಾಯಿಗೆ ಬರ್ತಿಲ್ಲ.

ಅಲ್ಲಿನ 'ಗಮಾ ಇಸ್ಲಾಮಿಯಾ' ಸಂಘಟನೆಯ ಕರಮ್ ಜುಹ್ದಿ, ನಾಜೆ ಇಬ್ರಾಹಿಂ ಮೊದಲಾದ ನಾಯಕರು 1981ರಲ್ಲಿ ಅಧ್ಯಕ್ಷ ಅನ್ವರ್ ಸಾದತ್ ಹತ್ಯೆಯಾದಾಗ ಜೈಲು ಸೇರಿದವರು. 90ರ ದಶಕದಲ್ಲಿ ಹೊರಗಿದ್ದ ಅವರ ಹುಡುಗರು ಪೊಲೀಸರು, ಕಾಪ್ಟಿಕ್ ಕ್ರೈಸ್ತರು, ಪ್ರವಾಸಿಗಳು ಅಂತ ನೋಡದೆ ಕೊಂದರು. ಸರ್ಕಾರವೂ ಸಾವಿರಾರು ಜನರನ್ನು ಜೈಲಿಗೆ ತುಂಬಿತು, ಚಿತ್ರಹಿಂಸೆ ಕೊಟ್ಟಿತು. ಅದರಿಂದ ಯಾರ ಮನಸ್ಸೂ ಬದಲಾದಂತೆ ಕಾಣೋಲ್ಲ.

1997ರ ಜುಲೈನಲ್ಲಿ ನ್ಯಾಯಾಲಯದಲ್ಲಿ ವಿಚಾರಣೆಗೆ ನಿಂತಿದ್ದ ಒಬ್ಬ ಆರೋಪಿ ನಾಯಕರ ಹೇಳಿಕೆ ಓದಿದ: ಇನ್ನು ಹಿಂಸೆ ಸಾಕು. ಯಾರೂ ನಂಬಲಿಲ್ಲ. ನಂಬದಿದ್ದದ್ದೇ ಸರಿ ಅನ್ನೋ ಹಾಗೆ ನವೆಂಬರ್ 17ರಂದು ಲಕ್ಸರ್‌ನ ಹಟ್‌ಶೆಪ್ಸುಟ್ ದೇಗುಲದಲ್ಲಿ 62 ಜನರ ಕೊಲೆಯಾಯಿತು. ಅವರಲ್ಲಿ 58 ಮಂದಿ ವಿದೇಶೀಯರು.

ಇಷ್ಟಾದರೂ ಜೈಲಿನಲ್ಲಿದ್ದ ನಾಯಕರು ಹಿಂದೆ ಸರಿಯಲಿಲ್ಲ. 1999ರ ಹೊತ್ತಿಗೆ ಹೊರಗಿದ್ದ ನಾಯಕತ್ವವೂ ಒಪ್ಪಿತು. 2002ರಲ್ಲಿ ಅವರು ತಮ್ಮ ಹಳೆಯ ವಾದಗಳನ್ನು ಧರ್ಮಶಾಸ್ತ್ರದಿಂದಲೇ ಖಂಡಿಸುವ ಪುಸ್ತಕಗಳನ್ನು ತಂದರು, ಜೈಲಿಂದ ಜೈಲಿಗೆ ಹೋಗಿ ತಮ್ಮ ಹುಡುಗರ ಜೊತೆ ವಾದಕ್ಕೆ ಕೂತರು. ಸರ್ಕಾರದ ಸಂಬಳ ತಿನ್ನೋ ಪಂಡಿತರ ಮಾತನ್ನು ಆ ಹುಡುಗರು ಕೇಳ್ತಿದ್ರಾ? ಕೊಲ್ಲೋಕೆ ಅನುಮತಿ ಕೊಟ್ಟವರೇ 'ಅದು ತಪ್ಪು' ಅಂದಾಗ ಕೇಳಿದರು. 2003ರಲ್ಲಿ ಜುಹ್ದಿ ಬಿಡುಗಡೆಯಾದ. ನಂತರದ ವರ್ಷಗಳಲ್ಲಿ ಸಾವಿರಾರು ಜನ ಮನೆಗೆ ಹೋದರು. ಈಜಿಪ್ಟಿನಲ್ಲಿ ಆ ಸಂಘಟನೆ ಮತ್ತೆ ಅಂಥ ದಾಳಿಗೆ ಇಳಿಯಲಿಲ್ಲ.

ಆದರೆ ಕತೆ ಇಲ್ಲಿಗೆ ಮುಗಿಯೋಲ್ಲ. 2013ರ ಜೂನ್‌ನಲ್ಲಿ ಅಧ್ಯಕ್ಷ ಮೊರ್ಸಿ ಇದೇ ಸಂಘಟನೆಯ ಆದೆಲ್ ಅಲ್-ಖಯಾತ್‌ರನ್ನು ರಾಜ್ಯಪಾಲರನ್ನಾಗಿ ಮಾಡಿದರು. ಎಲ್ಲಿಗೆ ಗೊತ್ತಾ? ಅದೇ ಲಕ್ಸರ್‌ಗೆ! ಪ್ರವಾಸೋದ್ಯಮ ನಂಬಿದ್ದ ಜನ ಬೀದಿಗಿಳಿದರು. ಒಂದೇ ವಾರದಲ್ಲಿ ಅವರು ರಾಜೀನಾಮೆ ಕೊಟ್ಟರು.

ನನಗೆ ಕಾಣೋದು ಇಷ್ಟು. ಕೈದಿಗಳೂ ಸರ್ಕಾರವೂ ತಮ್ಮ ತಮ್ಮಲ್ಲೇ ಲೆಕ್ಕ ಚುಕ್ತಾ ಮಾಡಿಕೊಂಡರು. ಸತ್ತವರ ಕಡೆಯವರನ್ನು, ಲಕ್ಸರ್‌ನ ಗಾಡಿಯವರನ್ನು, ಅಂಗಡಿಯವರನ್ನು ಯಾರೂ ಕೇಳಿರಲಿಲ್ಲ. ಮನಸ್ಸು ಬದಲಿಸಿದವನಿಗೆ ಊರಲ್ಲಿ ಬದುಕೋಕೆ ಜಾಗ ಕೊಡೋಣ, ಅದು ಬೇಕು. ಆದರೆ ಆ ಜಾಗ ಎಷ್ಟು ಅಂತ ಹೇಳೋ ಹಕ್ಕು ಊರಿನವರದು ಅಲ್ವಾ?

ನೀವೇನಂತೀರಿ?