ಬೇಟೆ ಬಂದೂಕಿನ ನಳಿಗೆಯನ್ನು ಆರಿಸಿದವರು ಯಾರು?

ಬೋಲ್ಟ್ ಹಿಂದಕ್ಕೆಳೆದು ತೋಟೆ ತುಂಬುವ ಬೇಟೆ ರೈಫಲ್ಲಿನ ಆಯುಸ್ಸು ಅದರ ನಳಿಗೆಯಲ್ಲಿದೆ. ಮರದ ಹಿಡಿ ಸೀಳಿದರೆ ಬಡಗಿ ಸರಿಮಾಡಿಯಾನು, ಸ್ಪ್ರಿಂಗ್ ಸೋತರೆ ಹೊಸದು ಹಾಕಬಹುದು. ಆದರೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು ಸವೆದವೆಂದರೆ ಗುಂಡು ಗುರಿ ಮರೆಯುತ್ತದೆ. ಹಳೆಯ ತೋಟೆಗಳ ಕೇಪಿನಲ್ಲಿದ್ದ ರಾಸಾಯನಿಕ ಉರಿದ ಮೇಲೆ ನಳಿಗೆಯೊಳಗೆ ಉಪ್ಪಿನಂಶ ಉಳಿಸುತ್ತಿತ್ತು. ನಮ್ಮ ಮಳೆನಾಡುಗಳ ತೇವಕ್ಕೆ ಅದು ಬೇಗನೆ ತುಕ್ಕಾಗುತ್ತಿತ್ತು. ಬೇಟೆ ಮುಗಿಸಿ ಬಂದವರು ನಳಿಗೆಗೆ ಬಿಸಿನೀರು ಹೊಯ್ದು ತೊಳೆದು, ಒರೆಸಿ, ಎಣ್ಣೆ ಬಿಡುತ್ತಿದ್ದದ್ದು ಇದೇ ಕಾರಣಕ್ಕೆ. ಅದನ್ನು ಮರೆತವರು ಹೊಸ ನಳಿಗೆ ಹುಡುಕಬೇಕಾಗುತ್ತಿತ್ತು.

ಹೊಸ ನಳಿಗೆಯನ್ನು ಆರಿಸುವುದು ಹೇಗೆ? ಕಸುಬಿನವರು ಮುಖ್ಯವಾಗಿ ಮೂರು ಸಂಗತಿ ನೋಡುತ್ತಾರೆ. ನಳಿಗೆಯ ಬುಡದ ತಿರುಪು ಬಂದೂಕಿನ ಒಡಲಿಗೆ ಕೂರಬೇಕು. ಬೋಲ್ಟಿನ ಮುಖ ತೋಟೆಯ ಅಂಚನ್ನು ಸರಿಯಾಗಿ ಹಿಡಿಯಬೇಕು. ಮದ್ದು ಸಿಡಿದಾಗ ಹುಟ್ಟುವ ಒತ್ತಡವನ್ನು ಒಡಲು ತಾಳಬೇಕು. ಉದ್ದ, ತೂಕ, ಗೀರಿನ ತಿರುವು ಎಷ್ಟಿರಬೇಕು ಎಂಬ ಲೆಕ್ಕ ಆಮೇಲಿನದು. ಆದರೆ ಹಿಂದುಸ್ತಾನದಲ್ಲಿ ಇವೆಲ್ಲಕ್ಕಿಂತ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಈ ಅಳತೆಯ ನಳಿಗೆಯನ್ನು ಸರಕಾರ ನಿಮ್ಮ ಕೈಗೆ ಕೊಡುತ್ತದೆಯೇ?

ಇದು ಯಾವಾಗಲೂ ಹೀಗಿರಲಿಲ್ಲ. ಬಂದೂಕು ಎಂಬ ಮಾತು ನಮಗೆ ಅರಬಿಯಿಂದ ಬಂದಿದ್ದರೂ ಅದನ್ನು ಮಾಡುವ ಕೈಗಳು ಈ ನೆಲದವೇ ಆಗಿದ್ದವು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಬಂದೂಕುಗಳು, ಅವನದೇ ಮೌಲೂದಿ ಪಂಚಾಂಗದ ವರ್ಷಗಳನ್ನು ಹೊತ್ತು, ಇಂದಿಗೂ ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದ ಆರಂಭದಲ್ಲಿ ತನ್ನ ರಾಜಧಾನಿಯನ್ನು ಮುಂಗೇರಿಗೆ ಒಯ್ದು ಅಲ್ಲಿ ಆಯುಧಗಳ ತಯಾರಿಕೆಗೆ ನೆಲೆ ಒದಗಿಸಿದ. ಆ ಊರಿನಲ್ಲಿ ಕೋವಿ ಕಸುಬು ಇನ್ನೂ ಅಳಿದಿಲ್ಲ. ನಳಿಗೆಯ ಅಳತೆ ಆಗ ಕುಶಲಿಗನ ಮತ್ತು ಕೊಳ್ಳುವವನ ನಡುವಿನ ಮಾತಾಗಿತ್ತು.

1857 ಇದನ್ನು ಬದಲಿಸಿತು. ಎನ್‌ಫೀಲ್ಡ್ ತೋಟೆಗೆ ಸವರಿದ ಕೊಬ್ಬಿನ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಬಂಡಾಯ ಅಡಗಿದ ಮೇಲೆ ಅದೇ ಬಂದೂಕಿನ ನಳಿಗೆಗೆ ಏನಾಯಿತು ಎಂಬುದನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದಿಲ್ಲ. ಗೀರು ಕೊರೆದ ನಳಿಗೆಯಿಂದ ಹೊರಟ ಗುಂಡು ತಿರುಗುತ್ತಾ ಹೋಗಿ ದೂರದ ಗುರಿ ಮುಟ್ಟುತ್ತದೆ. ಅಂಥ ಬಂದೂಕು ಇನ್ನು ದೇಶೀ ಸಿಪಾಯಿಗಳ ಕೈಯಲ್ಲಿರಕೂಡದು ಎಂದು ಬ್ರಿಟಿಷರು ನಿರ್ಧರಿಸಿದರು. ಎನ್‌ಫೀಲ್ಡ್ ನಳಿಗೆಗಳನ್ನು ಒಳಗಿನಿಂದ ಕೊರೆದು, ಗೀರುಗಳನ್ನು ಅಳಿಸಿ, ನುಣ್ಣಗಿನ ಕೊಳವೆ ಮಾಡಿದರು. 1858ರ ಮಾದರಿ ಎಂದು ಅದಕ್ಕೆ ಹೆಸರು. ಕೊರೆದು ತೆಳುವಾದ ಆ ನಳಿಗೆಗಳು ಉಬ್ಬಿ ಜಜ್ಜಿ ಕೆಡತೊಡಗಿದಾಗ ಮರುವರ್ಷವೇ ದಪ್ಪ ಗೋಡೆಯ ಇನ್ನೊಂದು ಮಾದರಿ ತಂದರು. ಗೀರು ಮಾತ್ರ ಅದಕ್ಕೂ ಇರಲಿಲ್ಲ. ಒಳ್ಳೆಯ ನಳಿಗೆಯನ್ನು ಬೇಕೆಂದೇ ಕೆಡಿಸಿ, ಹಾಗೆ ಕೆಡಿಸಿದ ಬಂದೂಕು ಹಿಡಿದೇ ತಮಗಾಗಿ ಕಾವಲು ನಿಲ್ಲಿರೆಂದು ಹೇಳಿದ ಪ್ರಭುತ್ವವಿದು!

ಸಿಪಾಯಿಗಳ ಪಾಡು ಹೀಗಾದರೆ ರೈತರ, ಬೇಟೆಗಾರರ ಪಾಡು ಬೇರೆ ಹೇಳಬೇಕೆ? 1860ರ ಕಾನೂನಿನ ನಂತರ ಲಾರ್ಡ್ ಲಿಟ್ಟನ್ 1878ರಲ್ಲಿ ತಂದ ಶಸ್ತ್ರಾಸ್ತ್ರ ಕಾಯಿದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ನಮ್ಮ ಕೊಡಗು ಇದಕ್ಕೊಂದು ಅಪವಾದ. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ನೀಡಿದ ವಿನಾಯಿತಿ ಮುಂದೆಯೂ ಉಳಿದುಕೊಂಡಿತು. ಸ್ವತಂತ್ರ ಭಾರತ ಅದನ್ನು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿಸಿದ್ದು, 2019ರಲ್ಲಿ ಅದರ ಅವಧಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ನಂಬಿಕೆ ಯಾರ ಮೇಲೆ, ಸಂಶಯ ಯಾರ ಮೇಲೆ ಎಂಬುದನ್ನು ಆಳುವವರೇ ತೀರ್ಮಾನಿಸುತ್ತಿದ್ದರು.

ಬೋಲ್ಟ್ ರೈಫಲ್ಲಿನ ಕತೆ ಇಲ್ಲಿಂದ ಶುರುವಾಗುತ್ತದೆ. 1888ರಿಂದ ಬ್ರಿಟಿಷ್ ಸೈನ್ಯದ ನಳಿಗೆಯ ಅಳತೆ .303 ಇಂಚು. 1895ರಲ್ಲಿ ಬಂದ ಲೀ-ಎನ್‌ಫೀಲ್ಡ್ ಗಟ್ಟಿಮುಟ್ಟಾದ ಬಂದೂಕು. ಅದರ ಬೋಲ್ಟ್ ಸಲೀಸಾಗಿ ಓಡುತ್ತದೆ. ಬೇಟೆಗೆ ಇದಕ್ಕಿಂತ ಹೊಂದುವಂಥದ್ದು ಸಿಗುವುದು ಕಷ್ಟವಿತ್ತು. ಆದರೆ ವಾಯವ್ಯ ಗಡಿಯಲ್ಲಿ ಪಠಾಣರು ಸೈನ್ಯದ ರೈಫಲ್ಲುಗಳನ್ನು ಕದಿಯುತ್ತಿದ್ದರು. ದರ್ರಾ ಆದಮ್ ಖೇಲ್‌ನ ಕಮ್ಮಾರರು ಅವನ್ನು ನೋಡಿ ತದ್ರೂಪು ತಯಾರಿಸುತ್ತಿದ್ದರು. ಅವರಿಗೆ ಕೊರತೆಯಿದ್ದದ್ದು ತೋಟೆಗೆ. ಬೇಟೆಗೆಂದು ಮಾರುವ ತೋಟೆ ಸೈನ್ಯದ ನಳಿಗೆಗೂ ಹೊಂದುವುದಾದರೆ ಅದು ಬಂಡಾಯಗಾರರ ಕೈ ಸೇರದೆ ಇರುತ್ತದೆಯೇ ಎಂದು ಸರಕಾರ ಹೆದರಿತು. 20ನೇ ಶತಮಾನದ ಮೊದಲ ದಶಕದಲ್ಲಿ ಭಾರತ ಮತ್ತು ಸುಡಾನಿಗೆ .450 ಅಳತೆಯ ತೋಟೆಗಳ ಆಮದಿಗೆ ತಡೆ ಬಿತ್ತು. ಹಳೆಯ ಮಾರ್ಟಿನಿ-ಹೆನ್ರಿ ಸೈನಿಕ ಬಂದೂಕಿನ ಗುಂಡೂ ಅದೇ ಅಳತೆಯದಾಗಿತ್ತು. ಲಂಡನ್ನಿನ ಕೋವಿ ಕಂಪೆನಿಗಳು ಪೈಪೋಟಿಯಿಂದ .465, .470, .475 ಎಂದು ಹೊಸ ಅಳತೆಗಳನ್ನು ಹುಟ್ಟುಹಾಕಿದವು. ಆನೆ, ಹುಲಿ ಬೇಟೆಯ ಆ ಪ್ರಸಿದ್ಧ ರೈಫಲ್ಲುಗಳ ಹಿಂದೆ ಕಾಡಿನ ಅನುಭವಕ್ಕಿಂತ ಹೆಚ್ಚಾಗಿ ಸರಕಾರಿ ಹುಕುಂ ಕೆಲಸ ಮಾಡಿತ್ತು.

.303ಕ್ಕೂ ಇದೇ ಗತಿಯಾಯಿತು. ಬಂದೂಕಿನ ಒಡಲು ಬೇಕು, ನಳಿಗೆ ಬೇಡ! ಹಾಗಾದರೆ ಅದೇ ಒಡಲಿಗೆ ಯಾವ ನಳಿಗೆ? ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪೆನಿ ಕಂಡುಕೊಂಡ ಉತ್ತರ .315. ಹೆಸರೇನೋ ಇಂಗ್ಲಿಷ್, ತೋಟೆ ಮಾತ್ರ ಆಸ್ಟ್ರಿಯಾ-ಹಂಗೇರಿಯ ಸೈನ್ಯದ 8 ಮಿ.ಮೀ. ಮಾನ್‌ಲಿಷರ್. ಕಸುಬಿನ ದೃಷ್ಟಿಯಿಂದ ಇದು ಜಾಣ ಆಯ್ಕೆ. ಇದರ ಬುಡದಲ್ಲೂ .303ರಂತೆಯೇ ಅಂಚಿದೆ. ಕೋಶದ ಉದ್ದ 50 ಮಿ.ಮೀ., .303ರದು 56. ಒಟ್ಟು ಉದ್ದ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಲೀ ಬಂದೂಕಿನಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಓಡುತ್ತದೆ. ದಪ್ಪ ಗುಂಡು, ಹದವಾದ ವೇಗ, ನಮ್ಮ ಕುರುಚಲು ಕಾಡಿನ ಹತ್ತಿರದ ಬೇಟೆಗೆ ಸಾಕಷ್ಟು ಬಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಸೈನ್ಯದ .303 ನಳಿಗೆಗೆ ಹೋಗಲಾರದು.

ಇಲ್ಲೊಂದು ತಮಾಷೆ ನೋಡಿ. ತನ್ನ ಸೈನ್ಯದ ತೋಟೆಯನ್ನು ಭಾರತೀಯರಿಗೆ ಕೊಡಲು ಹಿಂಜರಿದ ಸಾಮ್ರಾಜ್ಯ ಪರರಾಜ್ಯದ ಸೈನ್ಯದ ತೋಟೆಯನ್ನು ಧಾರಾಳವಾಗಿ ಕೊಟ್ಟಿತು. 1914ರಲ್ಲಿ ಆ ಪರರಾಜ್ಯ ಯುದ್ಧಭೂಮಿಯಲ್ಲಿ ವೈರಿಯೂ ಆಯಿತು. ಜಿಮ್ ಕಾರ್ಬೆಟ್‌ನ ವಿಷಯವೂ ಇದೇ. ಚಂಪಾವತಿನ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಅವನಿಗೆ ಬಹುಮಾನವಾಗಿ ಕೊಟ್ಟ ಬೋಲ್ಟ್ ರೈಫಲ್ .275 ರಿಗ್ಬಿ. ಇಂಗ್ಲಿಷ್ ಹೆಸರಿನ ಆ ತೋಟೆ ನಿಜದಲ್ಲಿ ಜರ್ಮನಿಯ 7 ಮಿ.ಮೀ. ಮೌಸರ್. ದಕ್ಷಿಣ ಆಫ್ರಿಕಾದ ಬೋಯರರು ಬ್ರಿಟಿಷರ ಮೇಲೆ 1899ರಿಂದ 1902ರವರೆಗೆ ಹಾರಿಸಿದ್ದೂ ಅದನ್ನೇ.

ಸ್ವಾತಂತ್ರ್ಯ ಬಂದ ಮೇಲೆ ಈ ಸಂಶಯ ಹೋಯಿತೇ? 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಒಪ್ಪಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 1959ರ ಕಾಯಿದೆ ಲಿಟ್ಟನ್ನನ ಕಾಯಿದೆಯನ್ನು ರದ್ದು ಮಾಡಿತಾದರೂ ಪರವಾನಗಿಯನ್ನು ಉಳಿಸಿಕೊಂಡಿತು. ಸೈನ್ಯದ ಅಳತೆ ಜನರಿಗೆ ನಿಷಿದ್ಧ ಎಂಬ ತತ್ವವೂ ಉಳಿಯಿತು. ಕಲ್ಕತ್ತೆಯ ಸಮೀಪದ ಇಛಾಪುರದಲ್ಲಿ 1904ರಲ್ಲಿ ಸ್ಥಾಪನೆಯಾದ ಸರಕಾರಿ ರೈಫಲ್ ಕಾರ್ಖಾನೆ ನಾಗರಿಕರಿಗಾಗಿ ಅದೇ ಲೀ-ಎನ್‌ಫೀಲ್ಡ್ ಒಡಲಿಗೆ .315 ನಳಿಗೆ ಕೂರಿಸಿ ಮಾರಿತು. ಹೀಗೆ, ಆಸ್ಟ್ರಿಯಾದ ಚಕ್ರವರ್ತಿಯೂ ಅವನ ಸೈನ್ಯವೂ ಹೋಗಿ ದಶಕಗಳಾದರೂ ಅವರ ತೋಟೆ ಉತ್ತರಪ್ರದೇಶದ ಹಳ್ಳಿಗಳಲ್ಲಿ ಜೀವಂತವಾಗಿದೆ. ಕಳ್ಳ ಕಮ್ಮಟಗಳಲ್ಲಿ ತಯಾರಾಗುವ ದೇಸೀ ಕಟ್ಟಾ ಪಿಸ್ತೂಲುಗಳಲ್ಲಿ ಎಷ್ಟೋ .315 ಅಳತೆಯವೇ ಆಗಿವೆ. ಪೇಟೆಯಲ್ಲಿ ಯಾವ ತೋಟೆ ಇದೆಯೋ ಅದಕ್ಕೆ ತಕ್ಕ ನಳಿಗೆಯನ್ನು ಕಳ್ಳ ಕಮ್ಮಾರ ಮಾಡುತ್ತಾನೆ. ಅಪಾಯವಿಲ್ಲದ್ದೆಂದು ಆಳುವವರು ಆರಿಸಿದ ಅಳತೆ ಈಗ ಪೊಲೀಸ್ ಠಾಣೆಯ ಪಂಚನಾಮೆಗಳಲ್ಲಿ ಕಾಣಸಿಗುತ್ತಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ದಿನಗಳು ಮುಗಿದವು. ಅದು ಆಗಬೇಕಾದದ್ದೇ. ಬೇಟೆಯ ರಮ್ಯ ಕತೆಗಳನ್ನು ಓದಿ ಖುಷಿಪಡುವ ನಮಗೆ ಕಾಡಿನ ಲೆಕ್ಕ ಗೊತ್ತಿರಬೇಕು. ಆದರೆ ಅಜ್ಜನ ಕಾಲದ ರೈಫಲ್ಲುಗಳು ಕೆಲವು ಮನೆಗಳಲ್ಲಿ ಉಳಿದಿವೆ, ಅವುಗಳ ನಳಿಗೆಗಳೂ ಸವೆಯುತ್ತಿವೆ. ಈಗಿನ ಕಾನೂನಿನ ಪ್ರಕಾರ ಬಂದೂಕಿನ ಬಿಡಿಭಾಗಗಳೂ ಆಯುಧದ ವ್ಯಾಖ್ಯೆಯೊಳಗೇ ಬರುತ್ತವೆ. ದುರಸ್ತಿಯನ್ನೂ ಅಳತೆ ಬದಲಿಸುವ ಮಾರ್ಪಾಟನ್ನೂ ಪರವಾನಗಿ ಪಡೆದ ಕಸುಬಿನವನೇ ಮಾಡಬೇಕು. ನಳಿಗೆಯನ್ನು ಮನಬಂದಂತೆ ಗಿಡ್ಡ ಮಾಡಿದರೂ ಅಪರಾಧ. ಬೀರುವಿನಲ್ಲಿ ಅಂಥ ರೈಫಲ್ ಇಟ್ಟುಕೊಂಡವರು ಕೋವಿ ಅಂಗಡಿಗೆ ಹೋಗುವ ಮುನ್ನ ನಳಿಗೆಯ ಬುಡದಲ್ಲಿ ಕೆತ್ತಿರುವ ಅಂಕಿಯನ್ನು ಪರವಾನಗಿ ಪುಸ್ತಕದ ಅಂಕಿಯ ಪಕ್ಕದಲ್ಲಿಟ್ಟು ಓದಿಕೊಳ್ಳುವುದು ಒಳ್ಳೆಯದು.